ಸ್ಮುರ್ನದಿಂದ ಪತ್ಮೋಸಿಗೆ ಆರು ದಿನ

ಮೊದಲ ದಿನ, ಮಂಗಳವಾರ

ನಮ್ಮ ಮನೆಯಲ್ಲಿ ಓದುವ ಕನ್ನಡ ಬೈಬಲ್ಲಿನ ಕೊನೆಯ ಪುಸ್ತಕದ ಹೆಸರು ‘ಪ್ರಕಟನೆ’. ಚಿಕ್ಕಂದಿನಲ್ಲಿ ಆ ಪುಸ್ತಕವನ್ನು ತೆರೆಯಲು ನನಗೆ ಭಯವಾಗುತ್ತಿತ್ತು: ಏಳು ತಲೆಯ ಮೃಗ, ಮುದ್ರೆ ಒಡೆದೊಡನೆ ಹೊರಡುವ ಕುದುರೆಗಳು, ರಕ್ತದ ಬಣ್ಣಕ್ಕೆ ತಿರುಗುವ ಚಂದ್ರ. ಮೂಲದಲ್ಲಿ ಅದರ ಹೆಸರು ‘ಅಪೊಕಲುಪ್ಸಿಸ್’ ಎಂದೂ, ಆ ಗ್ರೀಕ್ ಮಾತಿನ ಅರ್ಥ ಮುಸುಕು ಸರಿಸುವುದು ಎಂದಷ್ಟೇ ಎಂದೂ ತಿಳಿಸಿಕೊಟ್ಟವರು ನನ್ನ ಚಿಕ್ಕಪ್ಪ. ಅವರು ಸಭಾಪಾಲಕರಾಗಿದ್ದು ನಿವೃತ್ತರಾದವರು. ದೇವಜ್ಞಾನ ಕಾಲೇಜಿನಲ್ಲಿ ಕಲಿತ ಗ್ರೀಕನ್ನು ಇಂದಿಗೂ ಬಿಡದೆ ಓದುವವರು. ಮುಸುಕು ಸರಿದಾಗ ಕಂಡದ್ದೇನು ಎಂಬ ಪ್ರಶ್ನೆಗೆ ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಗುರುಗಳು ಏನು ಉತ್ತರ ಕೊಟ್ಟರು ಎಂಬುದು ಹಲವು ವರ್ಷಗಳಿಂದ ನಮ್ಮಿಬ್ಬರ ನಡುವೆ ನಡೆದು ಬಂದ ಮಾತು. ಆ ಗುರುಗಳು ಓಡಾಡಿದ ಊರುಗಳನ್ನು ಒಮ್ಮೆಯಾದರೂ ಕಾಣಬೇಕೆಂದು ನಾವು ಟರ್ಕಿಯ ಇಜ್ಮಿರ್ ನಗರಕ್ಕೆ ಬಂದಿಳಿದೆವು. ಪ್ರಕಟನೆಯ ಪುಸ್ತಕದಲ್ಲಿ ಪತ್ರ ಪಡೆಯುವ ಏಳು ಸಭೆಗಳಲ್ಲಿ ಎರಡನೆಯದಾದ ಸ್ಮುರ್ನ ಇದೇ ಊರು.

ಪ್ರಾಚೀನ ಸ್ಮುರ್ನದ ಅಗೋರ, ಅಂದರೆ ಊರಿನ ಪೇಟೆ ಚೌಕ, ಇಂದಿನ ಮನೆಗಳ ನಡುವೆ ತಗ್ಗಿನಲ್ಲಿದೆ. ಅದರ ನೆಲಮಾಳಿಗೆಯ ಕಮಾನುಗಳ ಸಾಲಿನ ಕೆಳಗೆ ಈಗಲೂ ನೀರು ಹರಿಯುತ್ತದೆ. ಹೊರಗಿನ ಬಿಸಿಲಿನಿಂದ ಒಳಗೆ ಇಳಿದವರಿಗೆ ಮೊದಲು ಆ ಸದ್ದು ಕೇಳುತ್ತದೆ, ಆಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಇಲ್ಲಿನ ಗೋಡೆಗಳ ಗಾರೆಯ ಮೇಲೆ ರೋಮನ್ ಕಾಲದ ಜನ ಗೀಚಿದ ಬರಹಗಳು ಸಿಕ್ಕಿವೆ. ಅವುಗಳಲ್ಲಿ ಒಂದು, ‘ಕುರಿಯೊಸ್’ ಮತ್ತು ‘ಪಿಸ್ತಿಸ್’ ಎಂಬ ಎರಡು ಪದಗಳು ಸಮಬೆಲೆಯವು ಎನ್ನುತ್ತದೆ. ಗ್ರೀಕ್ ಅಕ್ಷರಗಳಿಗೆ ಸಂಖ್ಯೆಯ ಬೆಲೆಯೂ ಇರುವುದರಿಂದ ಒಂದೊಂದು ಪದದ ಅಕ್ಷರಗಳನ್ನು ಕೂಡಿದರೂ 800 ಬರುತ್ತದೆ. ಕರ್ತನು ಮತ್ತು ನಂಬಿಕೆ ಎಂಬ ಈ ಜೋಡಿಯನ್ನು ಗೀಚಿದವನು ಕ್ರೈಸ್ತನೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಚಿಕ್ಕಪ್ಪ ಪುಸ್ತಕದ ಅಂಚಿನಲ್ಲಿ ಅಕ್ಷರ ಅಕ್ಷರವಾಗಿ ಕೂಡಿ ಲೆಕ್ಕ ತಾಳೆ ನೋಡಿದರು. ದೇವರು ಅಕ್ಷರಗಳೊಳಗೆ ಗುಟ್ಟನ್ನು ಬಚ್ಚಿಟ್ಟಿದ್ದಾನೆ, ಬಲ್ಲವರು ಬಿಡಿಸಿಕೊಳ್ಳಬೇಕು ಎಂಬ ಹಂಬಲ ಆ ಕಾಲದಲ್ಲಿ ಬಲವಾಗಿತ್ತು. ಇದೇ ಪ್ರದೇಶದಲ್ಲಿ ಬೆಳೆದು ಮುಂದೆ ಗಾಲ್ ದೇಶದ, ಅಂದರೆ ಇಂದಿನ ಫ್ರಾನ್ಸಿನ, ಲಿಯೋನಿಗೆ ಬಿಷಪ್ ಆದ ಇರೆನಿಯಸ್, ಸುಮಾರು 180ರ ಹೊತ್ತಿಗೆ ಬರೆದ ತನ್ನ ದೊಡ್ಡ ಗ್ರಂಥದಲ್ಲಿ ಈ ಹಂಬಲವನ್ನೇ ಎದುರಿಸಿ ನಿಂತ. ಸಂಖ್ಯೆಗಳಿಂದ ಸತ್ಯದ ಸೂತ್ರ ಹುಟ್ಟುವುದಿಲ್ಲ, ಸೂತ್ರ ಗೊತ್ತಿದ್ದವರಿಗೆ ಮಾತ್ರ ಸಂಖ್ಯೆಗಳು ಅರ್ಥ ಕೊಡುತ್ತವೆ ಎಂಬುದು ಅವನ ವಾದ.

ಆ ಸೂತ್ರ ಅವನಿಗೆ ಸಿಕ್ಕಿದ್ದು ಈ ಊರಿನಲ್ಲಿ, ಒಬ್ಬ ಮುದುಕನ ಬಾಯಿಂದ. ಸ್ಮುರ್ನದ ಬಿಷಪ್ ಪೊಲಿಕಾರ್ಪ್ ಎಲ್ಲಿ ಕುಳಿತು ಮಾತಾಡುತ್ತಿದ್ದ, ಹೇಗೆ ಹೋಗಿಬರುತ್ತಿದ್ದ, ಅವನ ಮೈಕಟ್ಟು ಹೇಗಿತ್ತು, ಯೋಹಾನನೊಡನೆಯೂ ಕರ್ತನನ್ನು ಕಣ್ಣಾರೆ ಕಂಡ ಇತರರೊಡನೆಯೂ ತಾನು ಒಡನಾಡಿದ್ದನ್ನು ಹೇಗೆ ವರ್ಣಿಸುತ್ತಿದ್ದ ಎಂಬುದೆಲ್ಲ ಇತ್ತೀಚಿನ ಸಂಗತಿಗಳಿಗಿಂತ ಚೆನ್ನಾಗಿ ನೆನಪಿದೆ ಎಂದು ಇರೆನಿಯಸ್ ತನ್ನ ಹಳೆಯ ಪರಿಚಿತ ಫ್ಲೋರಿನಸ್‌ಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಅದನ್ನು ತಾನು ಹಾಳೆಯ ಮೇಲೆ ಬರೆದುಕೊಳ್ಳಲಿಲ್ಲ, ಹೃದಯದಲ್ಲಿ ಬರೆದುಕೊಂಡೆ ಎಂದೂ ಸೇರಿಸುತ್ತಾನೆ. ನನಗೆ ಈ ಪತ್ರ ಆ ಕಾಲದ ಅನೇಕ ವಾದಗ್ರಂಥಗಳಿಗಿಂತ ಮುಖ್ಯವಾಗಿ ಕಾಣುತ್ತದೆ. ದೈವಪ್ರಕಟನೆ ಎಂದಾಗ ಆ ತಲೆಮಾರಿನವರ ಮನಸ್ಸಿಗೆ ಮೊದಲು ಬರುತ್ತಿದ್ದದ್ದು, ಕಂಡವರನ್ನು ಕಂಡವರ ಮುಖ.

ಪೊಲಿಕಾರ್ಪನನ್ನು 155ರ ಆಸುಪಾಸಿನಲ್ಲಿ ಈ ಊರಿನ ಕ್ರೀಡಾಂಗಣದಲ್ಲಿ ಕೊಂದರು. ಕ್ರಿಸ್ತನನ್ನು ಬೈದರೆ ಬಿಟ್ಟುಬಿಡುತ್ತೇನೆಂದ ಅಧಿಕಾರಿಗೆ ಆತ, ಎಂಬತ್ತಾರು ವರ್ಷ ಅವನ ಸೇವೆ ಮಾಡಿದ್ದೇನೆ, ಅವನು ನನಗೆ ಯಾವ ಕೇಡನ್ನೂ ಮಾಡಿಲ್ಲ ಎಂದು ಉತ್ತರ ಕೊಟ್ಟ. ಅದಕ್ಕೂ ಹಲವು ದಶಕಗಳ ಹಿಂದೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಸೈನಿಕರ ಕಾವಲಿನಲ್ಲಿ ಇದೇ ಊರಿನ ಮೂಲಕ ರೋಮಿಗೆ ಸಾಗಿದ್ದ. ಅವನ ಏಳು ಪತ್ರಗಳಲ್ಲಿ ನಾಲ್ಕು ಸ್ಮುರ್ನದಲ್ಲೇ ಬರೆದವು. ಮುಂದೆ ತ್ರೋವದಿಂದ ಫಿಲದೆಲ್ಫಿಯದವರಿಗೆ ಬರೆದ ಪತ್ರದಲ್ಲಿ ಅವನು, ದಫ್ತರದಲ್ಲಿ ಕಾಣದ್ದನ್ನು ಸುವಾರ್ತೆಯಲ್ಲಿದ್ದರೂ ನಂಬುವುದಿಲ್ಲ ಎನ್ನುವವರೊಡನೆ ನಡೆದ ವಾದವನ್ನು ನೆನೆಯುತ್ತಾನೆ. ಅವರಿಗೆ ಅವನು ಕೊಟ್ಟ ಉತ್ತರ: ನನ್ನ ದಫ್ತರ ಯೇಸು ಕ್ರಿಸ್ತನೇ, ಅವನ ಶಿಲುಬೆ, ಅವನ ಸಾವು, ಅವನ ಪುನರುತ್ಥಾನ, ಇವೇ ನನ್ನ ಕಡತಗಳು. ದಫ್ತರ ಎಂಬ ಮಾತು ಬಂದಾಗ ಚಿಕ್ಕಪ್ಪ ಓದುವುದನ್ನು ನಿಲ್ಲಿಸಿ, “ನೋಡು, ಇವನು ಗ್ರಂಥವನ್ನು ತಳ್ಳಿಹಾಕುತ್ತಿಲ್ಲ. ಗ್ರಂಥ ಯಾರನ್ನು ಕುರಿತು ಮಾತಾಡುತ್ತದೋ ಅವನನ್ನು ಮುಂದಿಡುತ್ತಿದ್ದಾನೆ,” ಎಂದರು.

ಎರಡನೆಯ ದಿನ, ಬುಧವಾರ

ಬಸ್ಮಾನೆ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ಸೆಲ್ಚುಕ್‌ಗೆ ಬಂದೆವು. ಎಫೆಸದ ಅವಶೇಷಗಳು ಇಲ್ಲಿಗೆ ಹತ್ತಿರ. ಮೇಲಿನ ದ್ವಾರದಿಂದ ಅಮೃತಶಿಲೆಯ ಹಾಸುಬೀದಿಯಲ್ಲಿ ಇಳಿಯುತ್ತಾ ಬಂದರೆ ಸೆಲ್ಸಸ್‌ನ ಗ್ರಂಥಾಲಯದ ಎರಡಂತಸ್ತಿನ ಮುಂಭಾಗ ಎದುರಾಗುತ್ತದೆ. ಎರಡನೆಯ ಶತಮಾನದ ಮೊದಲ ಭಾಗದಲ್ಲಿ ಒಬ್ಬ ಮಗ ತನ್ನ ತಂದೆಯ ನೆನಪಿಗೆ ಕಟ್ಟಿಸಿದ್ದು ಇದು. ತಂದೆಯ ಸಮಾಧಿಯೂ ಒಳಗಿದೆ. ಮುಂಭಾಗದ ಗೂಡುಗಳಲ್ಲಿ ನಾಲ್ಕು ಸ್ತ್ರೀಮೂರ್ತಿಗಳು ನಿಂತಿವೆ: ಸೋಫಿಯ, ಅರೆತೆ, ಎನ್ನೊಯ, ಎಪಿಸ್ತೇಮೆ. ವಿವೇಕ, ಸದ್ಗುಣ, ಚಿಂತನೆ, ಜ್ಞಾನ ಎಂದು ಹೇಳಬಹುದು. ಮೂಲ ಶಿಲ್ಪಗಳನ್ನು ವಿಯೆನ್ನಾಗೆ ಒಯ್ದಿರುವುದರಿಂದ ಇಲ್ಲಿರುವವು ಪ್ರತಿಕೃತಿಗಳು. ಮನುಷ್ಯನು ತನ್ನ ಬುದ್ಧಿಬಲದಿಂದ ತಲುಪಬಹುದಾದ ಎತ್ತರವನ್ನು ಕಲ್ಲಿನಲ್ಲಿ ನಿಲ್ಲಿಸಿದ ಹಾಗಿದೆ. ಆರಂಭದ ಕ್ರೈಸ್ತ ಚಿಂತಕರು ಈ ನಾಲ್ವರನ್ನು ಏನು ಮಾಡಿದರು ಎಂಬುದು ನಮ್ಮ ಇಡೀ ಪ್ರವಾಸದ ಅತ್ಯಂತ ಕಷ್ಟದ ಪ್ರಶ್ನೆ.

ಆ ಪ್ರಶ್ನೆಗೆ ಮೊದಲು ನಿಧಾನವಾಗಿ ಉತ್ತರ ಹುಡುಕಿದವನು ಜಸ್ಟಿನ್. ಇಂದಿನ ನಾಬ್ಲುಸ್‌ನಲ್ಲಿ ಹುಟ್ಟಿ, ಸುಮಾರು 165ರಲ್ಲಿ ರೋಮಿನಲ್ಲಿ ರಕ್ತಸಾಕ್ಷಿಯಾದವನು. ಟ್ರೈಫೊ ಎಂಬ ಯೆಹೂದ್ಯನೊಡನೆ ಅವನು ನಡೆಸಿದ ಸಂವಾದ ಎಫೆಸದಲ್ಲಿ ನಡೆಯಿತೆಂದು ಚರಿತ್ರಕಾರ ಯುಸೇಬಿಯಸ್ ಹೇಳುತ್ತಾನೆ. ಆ ಸಂವಾದದ ಆರಂಭದಲ್ಲಿ ಜಸ್ಟಿನ್ ತನ್ನ ಅಲೆದಾಟವನ್ನು ಬಿಚ್ಚಿಡುತ್ತಾನೆ. ಸ್ಟೋಯಿಕ್ ಗುರುವಿಗೆ ದೇವರ ವಿಷಯವೇ ಬೇಕಿರಲಿಲ್ಲ. ಅರಿಸ್ಟಾಟಲನ ಪಂಥದವನು ಕೆಲವೇ ದಿನಗಳಲ್ಲಿ ಶುಲ್ಕದ ಮಾತೆತ್ತಿದ. ಪೈಥಾಗೊರಸನ ಅನುಯಾಯಿ, ಸಂಗೀತವನ್ನೂ ಖಗೋಳವನ್ನೂ ರೇಖಾಗಣಿತವನ್ನೂ ಕಲಿತು ಬಾ ಎಂದು ಕಳಿಸಿಬಿಟ್ಟ. ಪ್ಲೇಟೋವಿನ ಮಾರ್ಗ ಹಿಡಿದ ಮೇಲೆ ಇನ್ನೇನು ದೇವರನ್ನು ಕಂಡೇಬಿಡುತ್ತೇನೆ ಎಂದುಕೊಂಡು ಸಮುದ್ರದ ಬಳಿ ಒಬ್ಬನೇ ನಡೆದಾಡುತ್ತಿದ್ದಾಗ ಒಬ್ಬ ವೃದ್ಧ ಹಿಂದೆ ಬಂದ. ಕಾಣದವರು, ಕೇಳದವರು ದೇವರ ವಿಷಯವನ್ನು ಸರಿಯಾಗಿ ಹೇಗೆ ಬಲ್ಲರು ಎಂದು ಆ ವೃದ್ಧ ಕೇಳಿದ. ತಾವು ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ನುಡಿದ ಪ್ರವಾದಿಗಳನ್ನು ತೋರಿಸಿದ. ಬೆಳಕಿನ ಬಾಗಿಲು ನಿನಗೆ ತೆರೆಯಲಿ ಎಂದು ಮೊದಲು ಪ್ರಾರ್ಥಿಸು ಎಂದು ಹೇಳಿ ಹೊರಟುಹೋದ.

ವೃದ್ಧನ ಮಾತು ಅಲ್ಲಿಗೇ ನಿಂತಿದ್ದರೆ ತತ್ವಜ್ಞಾನಕ್ಕೆ ಬಾಗಿಲು ಮುಚ್ಚಿದಂತಾಗುತ್ತಿತ್ತು. ಜಸ್ಟಿನ್ ಹಾಗೆ ಮಾಡಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಬಹಳ ಗೌರವ. ಯೋಹಾನನ ಸುವಾರ್ತೆ ಆದಿಯಲ್ಲಿದ್ದ ‘ಲೋಗೊಸ್’ನಿಂದ ಶುರುವಾಗುತ್ತದೆ, ಕನ್ನಡ ಬೈಬಲ್ ಅದನ್ನು ‘ವಾಕ್ಯ’ ಎನ್ನುತ್ತದೆ. ಗ್ರೀಕಿನಲ್ಲಿ ಆ ಪದಕ್ಕೆ ಮಾತು, ವಿವೇಕ, ಜಗತ್ತನ್ನು ಹಿಡಿದಿಟ್ಟ ಕ್ರಮ ಎಂಬ ಅರ್ಥಗಳೆಲ್ಲ ಉಂಟು. ಅದನ್ನು ತತ್ವದ ಪದವಾಗಿ ಮೊದಲು ಬಳಸಿದವನು ಇದೇ ಎಫೆಸದ ಹೆರಾಕ್ಲಿಟಸ್; ಯೋಹಾನನು ತನ್ನ ಸುವಾರ್ತೆಯನ್ನು ಬರೆದದ್ದೂ ಎಫೆಸದಲ್ಲೇ ಎಂದು ಇರೆನಿಯಸ್ ಹೇಳುತ್ತಾನೆ. ಎರಡರ ನಡುವೆ ಐನೂರಕ್ಕೂ ಹೆಚ್ಚು ವರ್ಷಗಳ ಅಂತರ. ಲೋಗೊಸ್‌ಗೆ ಅನುಸಾರವಾಗಿ ಬಾಳಿದವರು, ಜನರ ಕಣ್ಣಿಗೆ ನಾಸ್ತಿಕರೆನಿಸಿದ್ದರೂ, ಕ್ರೈಸ್ತರೇ ಎಂದು ಬರೆದ ಜಸ್ಟಿನ್, ಗ್ರೀಕರಲ್ಲಿ ಸಾಕ್ರಟೀಸನನ್ನೂ ಹೆರಾಕ್ಲಿಟಸನನ್ನೂ ಹೆಸರಿಸಿಯೇ ಹೇಳಿದ್ದಾನೆ. ಅದೇ ಲೋಗೊಸ್ ಎಲ್ಲರಲ್ಲೂ ಬೀಜವಾಗಿ ಬಿತ್ತಲ್ಪಟ್ಟಿದೆ. ಪೂರ್ಣ ರೂಪದಲ್ಲಿ ಮನುಷ್ಯನಾಗಿ ಬಂದದ್ದು ಕ್ರಿಸ್ತನಲ್ಲಿ. ಹೀಗಾಗಿ ಅವನ ಪಾಲಿಗೆ ಪ್ರಕಟನೆ ಎಂದರೆ ಕತ್ತಲೆಯಲ್ಲಿದ್ದ ಜಗತ್ತಿಗೆ ಹೊರಗಿನಿಂದ ಬಂದು ಬಿದ್ದ ಅಪರಿಚಿತ ಸುದ್ದಿಯಲ್ಲ. ಬೀಜವಾಗಿ ಗೊತ್ತಿದ್ದವನು ಮುಖ ತೋರಿಸಿದ್ದು.

ಮಧ್ಯಾಹ್ನ ಮರಿಯಳ ಚರ್ಚಿನ ಅವಶೇಷಗಳಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. 431ರ ಮಹಾಸಭೆ ಸೇರಿದ್ದು ಇಲ್ಲಿ. ಮರಿಯಳನ್ನು ದೇವಮಾತೆ ಎಂದು ಕರೆಯಬಹುದೇ ಎಂಬುದು ಅದರ ಮುಂದಿದ್ದ ವಿವಾದ. ವಿವಾದದಲ್ಲಿ ರಾಜಕೀಯವೂ ಬೇಕಾದಷ್ಟು ಇತ್ತು. ಆದರೂ ಅದರ ತಿರುಳು ನಮ್ಮ ವಿಷಯದ್ದೇ. ಆ ಸ್ತ್ರೀ ಎತ್ತಿಕೊಂಡ ಮಗುವಿನಲ್ಲಿ ದೇವರೇ ಕಾಣಿಸದಿದ್ದರೆ ಮುಸುಕು ಸರಿದಿದೆ ಎಂದು ಹೇಳುವುದಾದರೂ ಹೇಗೆ?

ಮೂರನೆಯ ದಿನ, ಗುರುವಾರ

ಇಂದು ಕ್ರೈಸ್ತರದಲ್ಲದ ಸ್ಥಳಕ್ಕೆ ಹೋದೆವು. ದೇವರು ಮಾತಾಡುತ್ತಾನೆ ಎಂಬ ನಂಬಿಕೆ ಆ ಜಗತ್ತಿನಲ್ಲಿ ಕ್ರೈಸ್ತರೊಬ್ಬರದೇ ಆಗಿರಲಿಲ್ಲ. ಅದನ್ನು ನೋಡದೆ ಅವರ ಮಾತಿನ ಹೊಸತನ ತಿಳಿಯುವುದಿಲ್ಲ. ಸೆಲ್ಚುಕ್‌ನಿಂದ ಸೋಕೆಗೆ, ಅಲ್ಲಿಂದ ದಿದಿಮ್‌ಗೆ ಸಣ್ಣ ವ್ಯಾನುಗಳಲ್ಲಿ ಪ್ರಯಾಣ. ದಿದಿಮದ ಅಪೊಲೊ ದೇವಾಲಯಕ್ಕೆ 122 ಕಂಬಗಳ ಯೋಜನೆಯಿತ್ತು. ಶತಮಾನಗಳ ಕಾಲ ಕೆಲಸ ನಡೆದರೂ ಅದು ಮುಗಿಯಲೇ ಇಲ್ಲ. ಪೂರ್ತಿ ಎತ್ತರಕ್ಕೆ ಈಗ ನಿಂತಿರುವವು ಮೂರು.

ಆ ಕಂಬಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳದಾರಿ. ಮುಂಭಾಗದ ನಡುವೆ ದೊಡ್ಡ ಬಾಗಿಲಿನ ಆಕಾರವಿದೆ. ಆದರೆ ಅದರ ಹೊಸ್ತಿಲು ಎದೆಮಟ್ಟಕ್ಕಿಂತ ಎತ್ತರ. ಯಾರೂ ಅದರ ಮೂಲಕ ಒಳಹೋಗಲಾರರು. ಎರಡು ಬದಿಗೂ ಇಳಿಜಾರಾದ, ಇಕ್ಕಟ್ಟಾದ, ಕಮಾನು ಮುಚ್ಚಿದ ಸುರಂಗಗಳಿವೆ. ಅದರಲ್ಲಿ ಗೋಡೆ ಸವರಿಕೊಂಡು ಇಳಿದರೆ ತಟ್ಟನೆ ಆಕಾಶಕ್ಕೆ ತೆರೆದ ದೊಡ್ಡ ಅಂಗಳದಲ್ಲಿ ನಿಂತಿರುತ್ತೀರಿ. ಇದೇ ಗರ್ಭಸ್ಥಾನ. ಇಲ್ಲಿ ಪವಿತ್ರ ಚಿಲುಮೆಯಿತ್ತು. ಪ್ರವಾದಿನಿ ಉಪವಾಸವಿದ್ದು, ಆ ನೀರಿನಿಂದ ಕಾಲನ್ನೋ ಸೆರಗಿನ ಅಂಚನ್ನೋ ನೆನೆಸಿಕೊಂಡು ದೇವವಾಣಿ ನುಡಿಯುತ್ತಿದ್ದಳೆಂದು ಪ್ರಾಚೀನ ಬರಹವೊಂದು ತಿಳಿಸುತ್ತದೆ. ಕೇಳುವವನು ಪ್ರಶ್ನೆ ತರುತ್ತಿದ್ದ, ದೇವರು ಉತ್ತರ ಕೊಡುತ್ತಿದ್ದ. ಚಕ್ರವರ್ತಿ ಡಯೊಕ್ಲೀಶಿಯನ್ ಕೂಡ ಕ್ರೈಸ್ತರನ್ನು ಏನು ಮಾಡಬೇಕೆಂದು ಇಲ್ಲಿಗೆ ಕೇಳಿ ಕಳಿಸಿದ. ಬಂದ ಉತ್ತರ ಅವರಿಗೆ ವಿರುದ್ಧವಾಗಿತ್ತೆಂದು ಆ ಕಾಲದ ಕ್ರೈಸ್ತ ಲೇಖಕ ಲ್ಯಾಕ್ಟಾಂಶಿಯಸ್ ಬರೆಯುತ್ತಾನೆ. 303ರ ಫೆಬ್ರವರಿಯಲ್ಲಿ ಮಹಾಹಿಂಸೆ ಆರಂಭವಾಯಿತು. ಇಷ್ಟಾದರೂ ಅದೇ ಲ್ಯಾಕ್ಟಾಂಶಿಯಸ್ ಒಬ್ಬನೇ ದೇವರನ್ನು ಕುರಿತ ಅಪೊಲೊ ವಾಣಿಯೊಂದನ್ನು ತನ್ನ ವಾದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸಿದ್ದಾನೆ. ವೈರಿಯ ಬಾಯಲ್ಲೂ ಸತ್ಯದ ತುಣುಕು ಬರಬಹುದೆಂಬುದನ್ನು ಆ ಕಾಲದವರು ಒಪ್ಪಿದ್ದರು.

ವ್ಯತ್ಯಾಸ ಇದ್ದದ್ದು ಬೇರೆಡೆ. ಮೈಮೇಲೆ ಬಂದವರ ಬಾಯಲ್ಲಿ ದೇವರು ಮಾತಾಡುವಾಗ ಆ ಮನುಷ್ಯನ ಬುದ್ಧಿ ಎಲ್ಲಿರುತ್ತದೆ? ಈ ಪ್ರಶ್ನೆ ಕ್ರೈಸ್ತರೊಳಗೇ ಎದ್ದಿತು. ಇಲ್ಲಿಂದ ಒಳನಾಡಿನ ಫ್ರಿಗಿಯದಲ್ಲಿ ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಮೊಂಟಾನಸ್, ಪ್ರಿಸ್ಕಿಲ್ಲ, ಮಾಕ್ಸಿಮಿಲ್ಲ ಎಂಬ ಮೂವರು ಹೊಸ ಪ್ರವಾದನೆ ನುಡಿಯತೊಡಗಿದರು. ಮನುಷ್ಯನು ತಂತಿವಾದ್ಯದಂತೆ ಮಲಗಿರುತ್ತಾನೆ, ನಾನು ಮೀಟುಗೋಲಿನಂತೆ ಅವನ ಮೇಲೆ ಹಾರಾಡುತ್ತೇನೆ ಎಂದು ಮೊಂಟಾನಸನ ಬಾಯಿಂದ ಬಂದಿತಂತೆ. ಅದಕ್ಕೆ ಎದುರಾಗಿ, ನಿಜವಾದ ಪ್ರವಾದಿ ಎಚ್ಚರ ತಪ್ಪಿ ನುಡಿಯಬಾರದು ಎಂಬ ವಾದ ಹುಟ್ಟಿತು. ಆದರೆ ಸಭೆಯ ಪರ ನಿಂತ ಅಥೆನಾಗೊರಸ್ ಕೂಡ ಪವಿತ್ರಾತ್ಮನು ಪ್ರವಾದಿಗಳನ್ನು ಕೊಳಲಿನಂತೆ ಊದಿದನು ಎಂದು ಬರೆದಿರುವುದರಿಂದ ಗೆರೆ ಎಳೆಯುವುದು ಸುಲಭವಾಗಿರಲಿಲ್ಲ. ನಿಧಾನವಾಗಿ ಗೆದ್ದದ್ದು, ದೇವರು ಮಾತಾಡುವಾಗ ಮನುಷ್ಯನ ಮನಸ್ಸನ್ನು ಆರಿಸುವುದಿಲ್ಲ, ಹೊತ್ತಿಸುತ್ತಾನೆ ಎಂಬ ನಿಲುವು. ನನಗೆ ಅದು ಸರಿಯೆನಿಸುತ್ತದೆ. ಆ ಸುರಂಗದ ತಂಪಿನಲ್ಲಿ ಬೆನ್ನು ಒರಗಿಸಿ ಕುಳಿತಾಗ, ಪ್ರಶ್ನೆ ಹೊತ್ತು ಇಷ್ಟು ದೂರ ನಡೆದು ಬಂದವರ ಭಕ್ತಿಯನ್ನು ಹಗುರವಾಗಿ ಕಾಣಲು ಮಾತ್ರ ಮನಸ್ಸಾಗಲಿಲ್ಲ.

ನಾಲ್ಕನೆಯ ದಿನ, ಶುಕ್ರವಾರ

ಕುಶಾದಸಿಯಿಂದ ಗ್ರೀಸಿನ ಸಾಮೊಸ್ ದ್ವೀಪಕ್ಕೆ ಹಡಗು. ದಾರಿ ಹೆಚ್ಚು ದೂರವಿಲ್ಲ, ಗಾಳಿ ಜೋರಾಗಿತ್ತು. ಹಡಗಿನ ಅಟ್ಟದ ಮೇಲೆ ಇರೆನಿಯಸ್‌ನ ಆ ದೊಡ್ಡ ಗ್ರಂಥದ ನಾಲ್ಕನೆಯ ಪುಸ್ತಕವನ್ನು ಓದಿದೆವು. ಅವನ ವಿರೋಧಿಗಳಾದ ಜ್ಞಾನವಾದಿಗಳು, ಅಂದರೆ ‘ಗ್ನೋಸಿಸ್’ ಎಂಬ ಗುಪ್ತಜ್ಞಾನದ ಪಂಥದವರು, ಯೇಸು ಆಯ್ದ ಕೆಲವರ ಕಿವಿಯಲ್ಲಿ ಮಾತ್ರ ನಿಜವನ್ನು ಹೇಳಿ ಹೋದನೆಂದು ಸಾರುತ್ತಿದ್ದರು. ಇರೆನಿಯಸ್‌ನ ಉತ್ತರ ಸರಳ: ಅಪೊಸ್ತಲರು ಕಲಿಸಿದ್ದು ಎಲ್ಲರೆದುರಿಗೆ, ಊರೂರಿನ ಸಭೆಗಳಲ್ಲಿ, ಬೇಕಾದವರು ಹೋಗಿ ಕೇಳಬಹುದು. ದೇವರು ಕಲಿಸದೆ ಯಾರೂ ದೇವರನ್ನು ಅರಿಯಲಾರರು. ಆದರೆ ಅರಿಯಬೇಕೆಂಬುದು ದೇವರದೇ ಇಚ್ಛೆ. ಮಗನಲ್ಲಿ ಕಾಣದಿರುವುದು ತಂದೆ, ತಂದೆಯಲ್ಲಿ ಕಾಣುವುದು ಮಗ ಎಂಬ ಅವನ ವಾಕ್ಯವನ್ನು ಚಿಕ್ಕಪ್ಪ ಎರಡು ಸಲ ಓದಿಸಿದರು. ಬದುಕಿರುವ ಮನುಷ್ಯನೇ ದೇವರ ಮಹಿಮೆ, ದೇವರನ್ನು ಕಾಣುವುದೇ ಮನುಷ್ಯನ ಬದುಕು ಎಂಬ ಪ್ರಸಿದ್ಧ ಮಾತು ಬರುವುದೂ ಇದೇ ಪುಸ್ತಕದಲ್ಲಿ. ಇಡೀ ಕೃತಿ ನಮಗೆ ಉಳಿದು ಬಂದಿರುವುದು ಲ್ಯಾಟಿನ್ ಅನುವಾದದಲ್ಲಿ. ಅವನ ಇನ್ನೊಂದು ಪುಟ್ಟ ಗ್ರಂಥವಂತೂ ಕಳೆದೇಹೋಯಿತೆಂದು ತಿಳಿದಿದ್ದಾಗ, 1904ರಲ್ಲಿ ಒಂದು ಅರ್ಮೇನಿಯನ್ ಹಸ್ತಪ್ರತಿಯಲ್ಲಿ ಸಿಕ್ಕಿತು.

ಐದನೆಯ ದಿನ, ಶನಿವಾರ

ಯೋಹಾನ ಪ್ರಕಟನೆಯ ದರ್ಶನಗಳನ್ನು ಕಂಡನೆಂದು ಹೇಳುವ ಪತ್ಮೋಸ್ ಚಿಕ್ಕ ದ್ವೀಪ. ವಿಸ್ತೀರ್ಣ ಸುಮಾರು 34 ಚದರ ಕಿಲೋಮೀಟರ್. ಸ್ಕಾಲ ಬಂದರಿನಿಂದ ತಲೆ ಎತ್ತಿದರೆ ಗುಡ್ಡದ ನೆತ್ತಿಯಲ್ಲಿ ಬಿಳಿಯ ಮನೆಗಳ ನಡುವೆ ಕೋಟೆಯಂತಹ ಬೂದುಬಣ್ಣದ ಮಠ ಕಾಣುತ್ತದೆ. 1088ರಲ್ಲಿ ಚಕ್ರವರ್ತಿ ಅಲೆಕ್ಸಿಯೊಸ್ ಕೊಮ್ನೆನೊಸ್ ಈ ದ್ವೀಪವನ್ನು ಕ್ರಿಸ್ತೊದುಲೊಸ್ ಎಂಬ ಸನ್ಯಾಸಿಗೆ ಬಿಟ್ಟುಕೊಟ್ಟ. ಆ ದಾನಪತ್ರ ಮಠದ ಸಂಗ್ರಹಾಲಯದಲ್ಲಿದೆ. 1999ರಿಂದ ಇದು ವಿಶ್ವ ಪರಂಪರೆಯ ತಾಣ.

ಸಂಗ್ರಹಾಲಯದಲ್ಲಿ ನಾವು ಬಹಳ ಹೊತ್ತು ನಿಂತದ್ದು ಮಾರ್ಕನ ಸುವಾರ್ತೆಯ ಆರನೆಯ ಶತಮಾನದ ಹಾಳೆಯ ಮುಂದೆ. ಆ ಹಸ್ತಪ್ರತಿಯ ಹೆಚ್ಚಿನ ಭಾಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. 33 ಹಾಳೆಗಳು ಮಾತ್ರ ಈ ಮಠದವು. ನೇರಳೆ ಬಣ್ಣ ಕುಡಿದ ತೊಗಲಿನ ಮೇಲೆ ಬೆಳ್ಳಿಯ ಅಕ್ಷರ, ದೇವರ ಹೆಸರು ಬಂದಲ್ಲಿ ಮಾತ್ರ ಚಿನ್ನ. ಬೆಳ್ಳಿ ಮಂಕಾಗಿದೆ, ಚಿನ್ನ ಹಾಗೆಯೇ ಉಳಿದಿದೆ. ಗಾಜಿನ ಮೇಲೆ ನಮ್ಮ ನೆರಳು ಬೀಳದಂತೆ ಪಕ್ಕಕ್ಕೆ ಸರಿದು ನೋಡಬೇಕಾಯಿತು.

ಇಷ್ಟು ಗೌರವದಿಂದ ಬರೆದಿಟ್ಟ ಗ್ರಂಥವೂ ಮುಚ್ಚಿದ ಬಾಗಿಲೇ ಎಂದು ಮೂರನೆಯ ಶತಮಾನದ ಒರಿಗೆನ್ ತಿಳಿದಿದ್ದ. ಪವಿತ್ರ ಗ್ರಂಥವು ಅನೇಕ ಕೋಣೆಗಳಿಗೆ ಬೀಗ ಹಾಕಿದ ಮನೆಯಂತೆ. ಪ್ರತಿ ಬಾಗಿಲಲ್ಲೂ ಒಂದು ಬೀಗದ ಕೈ ಇದೆ, ಆದರೆ ಅದು ಆ ಬಾಗಿಲದಲ್ಲ, ಬೇರೊಂದರದು ಎಂದು ತನಗೊಬ್ಬ ಇಬ್ರಿಯ ಗುರು ಹೇಳಿದನೆಂದು ಅವನು ಬರೆಯುತ್ತಾನೆ. ಯಾವ ಕೈ ಯಾವ ಬೀಗಕ್ಕೆಂದು ಹುಡುಕುವುದೇ ಓದು.

ಪ್ರಕಟನೆಯ ಪುಸ್ತಕಕ್ಕೇ ಸಭೆಗಳು ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಒರಿಗೆನ್‌ನ ಶಿಷ್ಯನಾದ ಅಲೆಕ್ಸಾಂಡ್ರಿಯದ ಡಯೊನೀಸಿಯಸ್ ಅದರ ಗ್ರೀಕನ್ನು ಸುವಾರ್ತೆಯ ಗ್ರೀಕಿನೊಡನೆ ಹೋಲಿಸಿ, ಇಬ್ಬರು ಯೋಹಾನರು ಬೇರೆ ಬೇರೆ ಇರಬೇಕೆಂದ. ಹಾಗೆಂದು ಪುಸ್ತಕವನ್ನು ತಳ್ಳಿಹಾಕುವ ಧೈರ್ಯ ತನಗಿಲ್ಲ, ತನಗೆ ಅರ್ಥವಾಗದ್ದು ತನ್ನ ಅಳತೆಗೆ ಮೀರಿದ್ದೆಂದು ಒಪ್ಪುತ್ತೇನೆ ಎಂದೂ ಹೇಳಿದ. ಮಾತಿನ ಧಾಟಿಯನ್ನು ಪದ ಪದವಾಗಿ ಪರೀಕ್ಷಿಸುವ ಬುದ್ಧಿಯೂ, ಕೈಮುಗಿದು ನಿಲ್ಲುವ ವಿನಯವೂ ಒಬ್ಬನಲ್ಲೇ ಇದ್ದವು. ಚಿಕ್ಕಪ್ಪನಿಗೆ ಅವನು ಬಹಳ ಇಷ್ಟ. 367ರಲ್ಲಿ ಅದೇ ಊರಿನ ಬಿಷಪ್ ಅಥನೇಸಿಯಸ್ ತನ್ನ ಪವಿತ್ರ ಗ್ರಂಥಗಳ ಪಟ್ಟಿಯಲ್ಲಿ ಆ ಪುಸ್ತಕವನ್ನು ಸೇರಿಸಿದ. ಪೂರ್ವದ ಹಲವು ಸಭೆಗಳು ಅದಾದ ಮೇಲೂ ಹಿಂದೆಮುಂದೆ ನೋಡಿದವು.

ಆರನೆಯ ದಿನ, ಭಾನುವಾರ

ಬೆಳಿಗ್ಗೆ ಸ್ಕಾಲದಿಂದ ಕಲ್ಲುಹಾಸಿನ ಹಳೆಯ ದಾರಿ ಹಿಡಿದು ಹತ್ತಿದೆವು. ದರ್ಶನದ ಗುಹೆ ಬಂದರಿಗೂ ಮೇಲಿನ ಊರಿಗೂ ನಡುವೆ, ಪೈನ್ ಮರಗಳ ಇಳುಕಲಿನಲ್ಲಿದೆ. ಮೆಟ್ಟಿಲಿಳಿದು ಹೋದರೆ ಅರ್ಧ ಕಟ್ಟಡ, ಅರ್ಧ ಬಂಡೆಯಾಗಿರುವ ಪುಟ್ಟ ಆರಾಧನಾಲಯ. ಬಂಡೆಯೇ ಅದರ ಚಾವಣಿ. ಯೋಹಾನ ತಲೆಯಿಟ್ಟನೆಂದು ಹೇಳುವ ಗೂಡಿನ ಸುತ್ತ ಬೆಳ್ಳಿಯ ಕಟ್ಟು. ಶಿಷ್ಯ ಪ್ರೊಖೊರೊಸ್ ನಿಂತು ಬರೆದುಕೊಂಡನೆಂಬ ಕಲ್ಲಿನ ಮೇಜಿನಂಥ ಜಾಗ. ತಲೆಯ ಮೇಲೆ ಮೂರಾಗಿ ಸೀಳಿದ ಬಿರುಕು, ತ್ರಯೇಕತ್ವದ ಗುರುತೆಂದು ಯಾತ್ರಿಕರು ನಂಬುವಂಥದ್ದು. ಧ್ವನಿ ಬಂದದ್ದು ಅಲ್ಲಿಂದ ಎನ್ನುತ್ತಾರೆ.

ಆರಾಧನೆ ನಡೆದಿತ್ತು. ಒಳಗೆ ಜಾಗ ಕಡಿಮೆಯಾದ್ದರಿಂದ ನಾವು ಬಾಗಿಲ ಬಳಿ ನಿಂತೆವು. ಆರ್ಥೊಡಾಕ್ಸ್ ಸಭೆಗಳ ಆರಾಧನೆಯ ಪಾಠಕ್ರಮದಲ್ಲಿ ಪ್ರಕಟನೆಯ ಪುಸ್ತಕಕ್ಕೆ ಸ್ಥಾನವಿಲ್ಲ. ಅದು ಹುಟ್ಟಿದ್ದೆಂದು ನಂಬುವ ಈ ಬಂಡೆಯ ಕೆಳಗೂ ಅಂದು ಓದಿದ್ದು ಪೌಲನ ಪತ್ರ ಮತ್ತು ಸುವಾರ್ತೆ. ಜನ ಹೊರಟ ಮೇಲೆ ಚಿಕ್ಕಪ್ಪ ತಮ್ಮ ಕನ್ನಡ ಬೈಬಲ್ ತೆಗೆದು ಮೊದಲನೆಯ ಅಧ್ಯಾಯವನ್ನು ತಗ್ಗಿದ ದನಿಯಲ್ಲಿ ಓದಿದರು. ಯೋಹಾನ ಕರ್ತನ ದಿನದಲ್ಲಿ ಆತ್ಮವಶನಾಗಿದ್ದಾಗ ಬೆನ್ನ ಹಿಂದೆ ತುತೂರಿಯಂಥ ಧ್ವನಿ ಕೇಳಿದ. “ಇಲ್ಲಿ ಗ್ರೀಕಿನಲ್ಲಿ ಏನಿದೆ ಗೊತ್ತೇ? ಧ್ವನಿಯನ್ನು ‘ನೋಡಲು’ ತಿರುಗಿದೆನು ಎಂದಿದೆ,” ಎಂದರು. ತಿರುಗಿದವನಿಗೆ ಕಂಡದ್ದು ದೀಪಸ್ತಂಭಗಳ ನಡುವೆ ನಿಂತ ಒಬ್ಬ ಮನುಷ್ಯರೂಪಿ. ಭವಿಷ್ಯದ ಪಟ್ಟಿ ಬಂದದ್ದು ಆಮೇಲೆ.

ಹತ್ತನೆಯ ಅಧ್ಯಾಯಕ್ಕೆ ಬಂದಾಗ ನಾನೇ ಕೇಳಿ ಓದಿಸಿದೆ. ಏಳು ಗುಡುಗುಗಳು ನುಡಿಯುತ್ತವೆ. ಯೋಹಾನ ಬರೆಯಲು ಹೊರಡುತ್ತಾನೆ. ಅದಕ್ಕೆ ಮುದ್ರೆ ಹಾಕು, ಬರೆಯಬೇಡ ಎಂದು ಆಕಾಶದಿಂದ ಮಾತು ಬರುತ್ತದೆ. ನಾಲ್ಕನೆಯ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಮೋಶೆಯ ಬೆಟ್ಟವನ್ನು ಕುರಿತು ಬರೆಯುತ್ತಾ, ಹತ್ತಿದಷ್ಟೂ ಬೆಳಕು ಕಳೆದು ಕತ್ತಲೆ ಬರುತ್ತದೆ, ಆ ಕತ್ತಲೆಯಲ್ಲಿ ಕಾಣದಿರುವುದೇ ಕಾಣುವುದು ಎಂದ. ಮುಸುಕು ಸರಿಸಿದವನು ತಾನು ತೋರಿದ್ದಕ್ಕಿಂತ ಹೆಚ್ಚಿನವನಾಗಿಯೇ ಉಳಿಯುತ್ತಾನೆ ಎಂಬುದನ್ನು ಆ ಗುರುಗಳಲ್ಲಿ ಯಾರೂ ಬಿಟ್ಟುಕೊಡಲಿಲ್ಲ.

“ಆ ಗುಡುಗು ಹೇಳಿದ್ದೇನೆಂದು ನಿಮಗೆ ತಿಳಿಯಬೇಕೆನಿಸುವುದಿಲ್ಲವೇ, ಚಿಕ್ಕಪ್ಪ?” ಎಂದು ಕೇಳಿದೆ.

ಅವರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಬಿರುಕಿನ ಕಡೆ ನೋಡಿದರು. “ಎನಿಸುತ್ತದಪ್ಪ. ಆದರೆ ಅವನಿಗೆ ಕೇಳಿಸಿತಲ್ಲ,” ಎಂದರು. ದೀಪ ನೋಡಿಕೊಳ್ಳುವ ವ್ಯಕ್ತಿ ಬತ್ತಿಗಳನ್ನು ಒಂದೊಂದಾಗಿ ಆರಿಸುತ್ತಾ ಬಂದು, ಬೆಳ್ಳಿಯ ಕಟ್ಟಿನ ಬಳಿ ಇದ್ದ ಒಂದನ್ನು ಹಾಗೆಯೇ ಬಿಟ್ಟು ಹೊರಗೆ ಹೋದರು.